ಮನೆ ಕಂದಾಯ ಇಳಿಯಿತು, ದರದ ಅಧಿಕಾರವೂ ಹೋಯಿತು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಜನ 1978ರ ಜೂನ್ 6ರಂದು ಮತ ಹಾಕಿ ತಮ್ಮ ಮನೆ ಕಂದಾಯವನ್ನು ತಾವೇ ಇಳಿಸಿಕೊಂಡರು. ‘ಪ್ರೊಪೊಸಿಷನ್ 13’ ಎಂಬ ಆ ಪ್ರಸ್ತಾವಕ್ಕೆ ಸುಮಾರು ಶೇ 65ರಷ್ಟು ಮತ ಬಿತ್ತು.

ಅಲ್ಲಿ ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಆ ರಾಜ್ಯದಲ್ಲಿ 58 ಕೌಂಟಿಗಳಿವೆ. ಜೈಲು, ಆರೋಗ್ಯ, ರಸ್ತೆ, ಗ್ರಂಥಾಲಯದಂಥ ಕೆಲಸ ಅವುಗಳದ್ದು. 1978ಕ್ಕೆ ಮುಂಚೆ ಕೌಂಟಿಯ ಚುನಾಯಿತ ಮಂಡಳಿ ಮೊದಲು ವರ್ಷದ ಖರ್ಚು ಬರೆಯುತ್ತಿತ್ತು. ಬೇರೆ ಕಡೆಯಿಂದ ಬರುವ ಹಣ ಕಳೆದು, ಉಳಿದದ್ದನ್ನು ಊರವರ ಒಟ್ಟು ಆಸ್ತಿ ಮೌಲ್ಯದ ಮೇಲೆ ಹಂಚಿ ಕಂದಾಯದ ದರ ಗೊತ್ತುಮಾಡುತ್ತಿತ್ತು. ನಗರಗಳು, ಶಾಲಾ ಮಂಡಳಿಗಳು ಅದರ ಮೇಲೆ ತಮ್ಮ ದರ ಸೇರಿಸುತ್ತಿದ್ದವು.

1970ರ ದಶಕದಲ್ಲಿ ಮನೆಗಳ ಬೆಲೆ ವಿಪರೀತ ಏರಿತು. ಪಿಂಚಣಿಯಲ್ಲಿ ಬದುಕುವ ಮುದುಕರಿಗೆ ಅದೇ ಹಳೆ ಮನೆ, ಕಂದಾಯದ ಬಿಲ್ಲು ಮಾತ್ರ ದೊಡ್ಡದು. ಬೆಲೆ ಏರಿದಾಗ ದರ ಇಳಿಸಬಹುದಿತ್ತು, ಸಾಕಷ್ಟು ಇಳಿಸಲಿಲ್ಲ. ಹೊವಾರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಸಹಿ ಸಂಗ್ರಹಿಸಿ ವಿಷಯವನ್ನು ಮತಕ್ಕೆ ತಂದರು.

ಹೊಸ ನಿಯಮದಂತೆ ಎಲ್ಲ ಸಂಸ್ಥೆಗಳ ಕಂದಾಯ ಸೇರಿ ಆಸ್ತಿ ಮೌಲ್ಯದ ಶೇ 1 ಮೀರಬಾರದು. ಮೌಲ್ಯ 1975ರ ಮಟ್ಟಕ್ಕೆ ಇಳಿಯಿತು. ಮನೆ ಮಾರಾಟವಾಗುವವರೆಗೆ ಅದು ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹೀಗಾಗಿ ಅಕ್ಕಪಕ್ಕದ ಒಂದೇ ಥರದ ಮನೆಗಳಲ್ಲಿ ಹೊಸದಾಗಿ ಕೊಂಡವರು ಹಲವು ಪಟ್ಟು ಕಟ್ಟಬೇಕಾಯಿತು. 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು.

ಕಂದಾಯದ ವರಮಾನ ಒಂದೇ ಏಟಿಗೆ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ರಾಜ್ಯ ಸರ್ಕಾರ ತನ್ನ ಉಳಿಕೆ ಹಣ ಕೊಟ್ಟು ಕೌಂಟಿಗಳ ಕೈಹಿಡಿಯಿತು. ಆದರೆ ಕಂದಾಯದಲ್ಲಿ ಯಾರಿಗೆಷ್ಟು ಪಾಲು ಎಂದು ಹೇಳುವ ಅಧಿಕಾರವೂ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಯಿತು. ಕಟ್ಟಡದಂಥ ದೊಡ್ಡ ಕಾಮಗಾರಿಗೆ ಮೊದಲು ಜನರ ಒಪ್ಪಿಗೆ ಪಡೆದು ಸಾಲ ಎತ್ತಿ, ಕಂದಾಯ ಏರಿಸಿ ತೀರಿಸುತ್ತಿದ್ದರು. ಆ ದಾರಿ ಮುಚ್ಚಿತು. 1986ರಲ್ಲಿ ಇನ್ನೊಂದು ಜನಮತ ನಡೆದ ಮೇಲೆ, ಮೂರರಲ್ಲಿ ಎರಡು ಪಾಲು ಮತದಾರರು ಒಪ್ಪಿದರೆ ಸಾಲ ಎಂಬ ಷರತ್ತಿನೊಂದಿಗೆ ಮತ್ತೆ ತೆರೆಯಿತು.

ಆ ಜನ ತಪ್ಪು ಮಾಡಿದರು ಎನ್ನಲಾಗದು. ಎಷ್ಟೋ ಮುದುಕರಿಗೆ ಕಂದಾಯದ ಭಯ ತಪ್ಪಿತು. ಆದರೆ ಮೊದಲು ಖರ್ಚು ನೋಡಿ ದರ ಹಾಕುತ್ತಿದ್ದ ಮಂಡಳಿ, ಈಗ ದರ ನೋಡಿ ಖರ್ಚು ಬರೆಯುತ್ತದೆ. ಊರಿಗೆ ಗ್ರಂಥಾಲಯ ಬೇಕು, ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡುತ್ತೇವೆ ಎಂದು ಜನ ಸಭೆಗೆ ಹೋಗಿ ಹೇಳಿದರೂ, ಆ ದರ ಏರಿಸುವುದು ಸಭೆಯ ಕೈಯಲ್ಲಿಲ್ಲ.