ಒಂದು ಕಣ್ಣುಸರಳಿನ ಮುರಿತ: ಸಿಲ್ವರ್ ಸೇತುವೆಯೂ ಸೇತುವೆ ಪರೀಕ್ಷೆಯ ಇತಿಹಾಸವೂ

ಸೇತುವೆಗಳ ಚರಿತ್ರೆಯನ್ನು ಬರೆಯುವವರು ಅವುಗಳನ್ನು ಕಟ್ಟಿಸಿದವರ ಹೆಸರನ್ನೂ ಕಟ್ಟಿದ ವರ್ಷವನ್ನೂ ಹೇಳಿ ಮುಂದೆ ಸಾಗುವುದು ವಾಡಿಕೆ. ಕಟ್ಟಿದ ಮೇಲೆ ಸೇತುವೆಯನ್ನು ಯಾರು ನೋಡಿಕೊಂಡರು, ಏನನ್ನು ಕಂಡರು, ಏನನ್ನು ಕಾಣಲಾರದೆ ಹೋದರು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಗಳಿಗೆ ರಾಷ್ಟ್ರೀಯ ಮಹತ್ತ್ವ ಬಂದುದು 1967ನೆಯ ಇಸವಿಯ ಒಂದು ದುರಂತದಿಂದ. ಅಲ್ಲಿಯ ತನಕ ಪ್ರತಿಯೊಂದು ರಾಜ್ಯವೂ ತನ್ನ ಸೇತುವೆಗಳನ್ನು ತನಗೆ ತೋರಿದ ರೀತಿಯಲ್ಲಿ, ತನಗೆ ತೋರಿದ ಕಾಲದಲ್ಲಿ ಪರೀಕ್ಷಿಸುತ್ತಿದ್ದಿತು. ಇಡೀ ದೇಶಕ್ಕೆ ಅನ್ವಯಿಸುವ ನಿಯಮವೊಂದು ಇರಲಿಲ್ಲ.

ಓಹೈಯೋ ನದಿಯ ಒಂದು ದಡದಲ್ಲಿ ಪಶ್ಚಿಮ ವರ್ಜೀನಿಯಾ ರಾಜ್ಯದ ಪಾಯಿಂಟ್ ಪ್ಲೆಸೆಂಟ್ ಪಟ್ಟಣವೂ, ಎದುರು ದಡದಲ್ಲಿ ಓಹೈಯೋ ರಾಜ್ಯದ ಕನಾಗ ಎಂಬ ಊರೂ ಇವೆ. ಇವೆರಡನ್ನು ಕೂಡಿಸಿದ ತೂಗುಸೇತುವೆ 1928ರ ಮೇ ತಿಂಗಳಲ್ಲಿ ಸಂಚಾರಕ್ಕೆ ತೆರೆಯಿತು. ಅಲ್ಯೂಮಿನಿಯಂ ಬಣ್ಣವನ್ನು ಬಳಿದಿದ್ದುದರಿಂದ ಅದಕ್ಕೆ ಸಿಲ್ವರ್ ಬ್ರಿಜ್, ಎಂದರೆ ಬೆಳ್ಳಿಯ ಸೇತುವೆ, ಎಂಬ ಹೆಸರು ಬಂದಿತು. ನಡುವಣ ಹರವು 700 ಅಡಿ. ಇಕ್ಕೆಲಗಳ ಹರವು 380 ಅಡಿಗಳಷ್ಟು. ತೂಗುಸೇತುವೆಗಳನ್ನು ಸಾಮಾನ್ಯವಾಗಿ ಸಾವಿರಾರು ತಂತಿಗಳನ್ನು ಒಗ್ಗೂಡಿಸಿದ ಹಗ್ಗದಿಂದ ತೂಗಹಾಕುತ್ತಾರೆ. ಇಲ್ಲಿ ಹಾಗೆ ಮಾಡಲಿಲ್ಲ. ನಮ್ಮ ಹಳೆಯ ಮನೆಗಳ ತೂಗುಮಣೆಯನ್ನು ನೋಡಿದವರಿಗೆ ಈ ರಚನೆ ಸುಲಭವಾಗಿ ತಿಳಿಯುತ್ತದೆ: ಎರಡು ತುದಿಗಳಲ್ಲಿಯೂ ಬಳೆಯುಳ್ಳ ಸರಳುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಮಣೆಯನ್ನು ಇಳಿಬಿಟ್ಟಿರುತ್ತಾರಲ್ಲವೆ, ಅದೇ ತತ್ತ್ವ. ಎರಡು ಅಂಗುಲ ದಪ್ಪ, ಹನ್ನೆರಡು ಅಂಗುಲ ಅಗಲದ ಉಕ್ಕಿನ ಸರಳುಗಳ ತುದಿಯಲ್ಲಿ ಕಣ್ಣುಗಳನ್ನು ಕೊರೆದು, ಅವುಗಳೊಳಗೆ ದಪ್ಪವಾದ ಪಿನ್ನನ್ನು ತೂರಿಸಿ ಸರಪಳಿಯನ್ನು ಮಾಡಿದ್ದರು. ಕಾಯಿಸಿ ಹದಗೊಳಿಸಿದ ಈ ಉಕ್ಕು ಸಾಮಾನ್ಯ ಉಕ್ಕಿಗಿಂತ ಹೆಚ್ಚಿನ ಎಳೆತವನ್ನು ತಾಳಬಲ್ಲದಾಗಿತ್ತು. ಆದುದರಿಂದ ಪ್ರತಿಯೊಂದು ಕೊಂಡಿಗೆ ಎರಡೇ ಸರಳುಗಳು ಸಾಕೆಂದು ನಿಶ್ಚಯಿಸಲಾಯಿತು. ಮಿತವ್ಯಯದ ದೃಷ್ಟಿಯಿಂದ ಇದು ಜಾಣತನವೇ ಸರಿ. ಆದರೆ ಎರಡರಲ್ಲಿ ಒಂದು ಹೋದರೆ ಉಳಿದೊಂದು ಭಾರವನ್ನು ಹೊರಲಾರದು. ಸರಪಳಿಯ ಒಂದು ಕೊಂಡಿ ಕಳಚಿದರೆ ಇಡೀ ಸೇತುವೆಗೆ ಬೇರೆ ಆಧಾರವಿಲ್ಲ.

1967ರ ಡಿಸೆಂಬರ್ 15, ಶುಕ್ರವಾರ. ಸಂಜೆ ಐದು ಗಂಟೆಯ ಸಮಯ. ಕ್ರಿಸ್ಮಸ್ ಹತ್ತಿರವಾಗಿದ್ದುದರಿಂದ ಸಂಚಾರ ದಟ್ಟವಾಗಿತ್ತು. ಕೆಲವೇ ಕ್ಷಣಗಳಲ್ಲಿ ಸೇತುವೆಯ ಮೂರು ಹರವುಗಳೂ ಕುಸಿದುವು. ಮೇಲಿದ್ದ 37 ವಾಹನಗಳಲ್ಲಿ 31 ಅದರೊಡನೆ ಬಿದ್ದುವು. 46 ಮಂದಿ ಮಡಿದರು. ಅವರಲ್ಲಿ ಇಬ್ಬರ ಶರೀರಗಳು ದೊರೆಯಲೇ ಇಲ್ಲ.

ಇಂತಹ ಸಂದರ್ಭದಲ್ಲಿ ಕಥೆಗಳು ಕಾರಣಗಳಿಗಿಂತ ಬೇಗ ಹುಟ್ಟುತ್ತವೆ. 1777ರಲ್ಲಿ ಅಲ್ಲಿಯೇ ಕೊಲೆಯಾದ ಶಾವ್ನೀ ನಾಯಕ ಕಾರ್ನ್‌ಸ್ಟಾಕನ ಶಾಪವೆಂದರು ಕೆಲವರು. ಆ ಸುತ್ತಿನಲ್ಲಿ ಕಾಣಿಸಿಕೊಂಡಿತೆನ್ನಲಾದ ರೆಕ್ಕೆಯ ವಿಚಿತ್ರ ಜೀವಿಯೊಂದರ ಅಪಶಕುನವೆಂದರು ಇನ್ನು ಕೆಲವರು. ಜಾನಪದದ ಅಧ್ಯಯನಕ್ಕೆ ಇವು ಒಳ್ಳೆಯ ಸಾಮಗ್ರಿ. ಇತಿಹಾಸಕ್ಕೆ ಬೇಕಾದ ಸಾಕ್ಷ್ಯ ನದಿಯ ತಳದಲ್ಲಿದ್ದಿತು. ಮುರಿದ ಉಕ್ಕನ್ನು ಮೇಲೆತ್ತಿ, ದಡದ ಬಯಲಿನಲ್ಲಿ ತುಂಡು ತುಂಡಾಗಿ ಹರಡಿ, ಸೇತುವೆಯಲ್ಲಿ ಅವು ಇದ್ದ ಕ್ರಮದಲ್ಲಿಯೇ ಜೋಡಿಸಿ ನೋಡಿದರು. ಪುರಾತತ್ತ್ವಜ್ಞನು ಒಡೆದ ಮಡಕೆಯ ಚೂರುಗಳನ್ನು ಕೂಡಿಸುವ ಕೆಲಸಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಓಹೈಯೋ ದಡದ ಕಡೆಯ ಹರವಿನಲ್ಲಿ, ಉತ್ತರದ ಸರಪಳಿಯಲ್ಲಿದ್ದ 330ನೆಯ ಸಂಖ್ಯೆಯ ಕಣ್ಣುಸರಳು ತನ್ನ ಕಣ್ಣಿನ ಕೆಳಭಾಗದಲ್ಲಿ ಮುರಿದುದೇ ಮೊದಲನೆಯ ಮುರಿತವೆಂದು ಸಿದ್ಧವಾಯಿತು. ಆ ಮುರಿತಕ್ಕೆ ಮೂಲವಾದ ಬಿರುಕಿನ ಆಳ ಒಂದು ಅಂಗುಲದ ಹತ್ತನೆಯ ಒಂದು ಭಾಗದಷ್ಟು ಮಾತ್ರ. ನಾಲ್ವತ್ತು ವರ್ಷಗಳ ಕಾಲ ಎಳೆತವೂ ತುಕ್ಕೂ ಕೂಡಿ ಅದನ್ನು ಬೆಳೆಸಿದ್ದುವು.

ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು 1967ರಲ್ಲಿಯೇ ಸ್ಥಾಪಿತವಾದ ಹೊಸ ಸಂಸ್ಥೆ. 1970ರ ಡಿಸೆಂಬರಿನಲ್ಲಿ ಅದು ನೀಡಿದ ಅಂತಿಮ ನಿರ್ಣಯ ಗಮನಾರ್ಹವಾದುದು. ಈ ಬಗೆಯ ಉಕ್ಕಿನಲ್ಲಿ, ಹಳ್ಳಿಗಾಡಿನ ಹವೆಯಲ್ಲಿ, ಎಳೆತವೂ ತುಕ್ಕೂ ಸೇರಿ ಬಿರುಕನ್ನುಂಟುಮಾಡಬಹುದೆಂಬುದು ಸೇತುವೆಯನ್ನು ರಚಿಸಿದ 1927ರಲ್ಲಿ ತಿಳಿದಿರಲಿಲ್ಲ. ಬಿರುಕು ಕಣ್ಣಿಗೆ ಕಾಣುವ ಸ್ಥಳದಲ್ಲಿರಲಿಲ್ಲ. ಕೀಲನ್ನು ಬಿಚ್ಚದೆ ಅದನ್ನು ಕಂಡುಹಿಡಿಯಬಲ್ಲ ಯಾವ ವಿಧಾನವೂ ವರದಿಯ ಕಾಲಕ್ಕೂ ಇರಲಿಲ್ಲ. ಎಂದರೆ, ಎಷ್ಟು ಶ್ರದ್ಧೆಯ ಪರೀಕ್ಷಕನಾದರೂ ಈ ದೋಷವನ್ನು ಹಿಡಿಯಲಾರನಾಗಿದ್ದನು. ಆದರೂ ಈ ಕುಸಿತದಿಂದ ಹುಟ್ಟಿದ ಪರಿಹಾರವೆಂದರೆ ಪರೀಕ್ಷೆಯೇ! ಇದರಲ್ಲಿ ಒಂದು ವಿರೋಧಾಭಾಸವಿದೆಯೆಂದು ವಾಚಕರಿಗೆ ತೋರಬಹುದು. ಲೇಖಕನಿಗೂ ಹಾಗೆಯೇ ತೋರುತ್ತದೆ. ಆದರೆ ಶಾಸನಸಭೆಗಳು ತಾಂತ್ರಿಕ ವರದಿಗಾಗಿ ಕಾಯುವುದಿಲ್ಲ. 1968ರ ಹೆದ್ದಾರಿ ಕಾಯಿದೆಯಲ್ಲಿಯೇ ರಾಷ್ಟ್ರೀಯ ಪರೀಕ್ಷಾ ನಿಯಮಗಳನ್ನು ರೂಪಿಸಬೇಕೆಂದು ವಿಧಿಸಿ ಆಗಿದ್ದಿತು. 1971ರಲ್ಲಿ ನಿಯಮಗಳು ಹೊರಬಿದ್ದುವು: ಎರಡು ವರ್ಷಕ್ಕೊಮ್ಮೆ ಪರೀಕ್ಷೆ, ಪರೀಕ್ಷಕರಿಗೆ ಅರ್ಹತೆ, ಸೇತುವೆಯ ಭಾಗಗಳಿಗೆ ಸೊನ್ನೆಯಿಂದ ಒಂಬತ್ತರವರೆಗೆ ಅಂಕ. ದೇಶದಲ್ಲಿ ಎಷ್ಟು ಸೇತುವೆಗಳಿವೆ, ಯಾವ ಸ್ಥಿತಿಯಲ್ಲಿವೆ ಎಂಬುದರ ಪಟ್ಟಿ ಸಿದ್ಧವಾದುದೂ ಇದರ ಫಲವೇ.

ಅದೇ ನದಿಯ ಮೇಲ್ಭಾಗದಲ್ಲಿ, ಸೇಂಟ್ ಮೇರೀಸ್ ಎಂಬಲ್ಲಿ, ಇದೇ ರಚನೆಯ ಅವಳಿ ಸೇತುವೆಯೊಂದಿದ್ದಿತು. ಅದನ್ನು ಕೂಡಲೆ ಮುಚ್ಚಿ, 1971ರಲ್ಲಿ ಕೆಡವಿದರು. ಬ್ರೆಜಿಲ್ ದೇಶದ ಫ್ಲೋರಿಯಾನೊಪೊಲಿಸ್ ನಗರದಲ್ಲಿ 1926ರ ಹೆರ್ಸಿಲಿಯೊ ಲೂಜ್ ಸೇತುವೆಯೂ ಕಣ್ಣುಸರಳುಗಳದೇ. ಆದರೆ ಅಲ್ಲಿ ಕೊಂಡಿಗೆ ನಾಲ್ಕು ಸರಳುಗಳು. ಒಂದರಲ್ಲಿ ದೋಷ ಕಂಡಾಗ ಸೇತುವೆ ಬೀಳಲಿಲ್ಲ. 1982ರಲ್ಲಿ ಮುಚ್ಚಿದ ಅದನ್ನು ದುರಸ್ತಿಮಾಡಿ 2019ರಲ್ಲಿ ಮತ್ತೆ ತೆರೆದರು. ಎರಡಕ್ಕೂ ನಾಲ್ಕಕ್ಕೂ ಇರುವ ಅಂತರವೇನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ನಿಯಮಗಳು ಬಂದ ಮೇಲೂ ಸೇತುವೆಗಳು ಬಿದ್ದುವು. 1983ರ ಜೂನ್ 28ರಂದು ಕನೆಕ್ಟಿಕಟ್ ರಾಜ್ಯದಲ್ಲಿ ಮಯಾನಸ್ ನದಿಯ ಸೇತುವೆಯ ನೂರು ಅಡಿಯ ತುಂಡೊಂದು ರಾತ್ರಿ ಕಳಚಿಬಿದ್ದು ಮೂವರು ಸತ್ತರು. ನೀರು ಹರಿದುಹೋಗುವ ಕಂಡಿಗಳನ್ನು ರಸ್ತೆಗೆ ಡಾಂಬರು ಹಾಕುವಾಗ ಮುಚ್ಚಿಬಿಟ್ಟಿದ್ದರು. ನೀರು ಕೀಲುಗಳ ಮೇಲೆ ಸುರಿದು ತುಕ್ಕು ಕಟ್ಟಿತು. ತುಕ್ಕು ತಾನು ತಿಂದ ಉಕ್ಕಿಗಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಅದರ ಒತ್ತಡವೇ ತೂಗುಪಟ್ಟಿಯನ್ನು ಪಿನ್ನಿನಿಂದ ಹೊರಕ್ಕೆ ತಳ್ಳಿತು.

2007ರ ಆಗಸ್ಟ್ 1ರಂದು ಮಿನಿಯಾಪೊಲಿಸ್ ನಗರದಲ್ಲಿ ಮಿಸಿಸಿಪಿ ನದಿಯ ಮೇಲಣ ಸೇತುವೆ ಕುಸಿದು 13 ಮಂದಿ ಸತ್ತು, 145 ಮಂದಿ ಗಾಯಗೊಂಡ ಘಟನೆ ಇನ್ನೂ ವಿಚಿತ್ರವಾದುದು. 1967ರಲ್ಲಿ ತೆರೆದ ಈ ಸೇತುವೆಯನ್ನು ಪರೀಕ್ಷಕರು ಕಡೆಗಣಿಸಿರಲಿಲ್ಲ. ದಣಿವಿನ ಬಿರುಕುಗಳಿಗಾಗಿ ವರ್ಷ ವರ್ಷವೂ ಹುಡುಕಿದ್ದರು. ವಿಶ್ವವಿದ್ಯಾನಿಲಯದವರೂ ಅಧ್ಯಯನ ನಡೆಸಿದ್ದರು. ಮುರಿದುದು ಅವರು ಹುಡುಕಿದ ಜಾಗದಲ್ಲಲ್ಲ. ಉಕ್ಕಿನ ತೊಲೆಗಳು ಸಂಧಿಸುವೆಡೆಯಲ್ಲಿ ಅವನ್ನು ಬಿಗಿದಿಡುವ ಗಸೆಟ್ ಫಲಕಗಳು ಒಂದು ಅಂಗುಲ ದಪ್ಪವಿರಬೇಕಾದಲ್ಲಿ ಅರ್ಧ ಅಂಗುಲವಿದ್ದುವು. ಇದು ಮುಪ್ಪಿನ ದೋಷವಲ್ಲ, ಹುಟ್ಟಿನ ದೋಷ. ಕಾಲಕ್ರಮದಲ್ಲಿ ಸೇರಿಸಿದ ಕಾಂಕ್ರೀಟಿನ ಭಾರವೂ, ಅಂದು ದುರಸ್ತಿಗಾಗಿ ಮೇಲೆ ರಾಶಿಹಾಕಿದ್ದ ಸಾಮಗ್ರಿಯ ಭಾರವೂ ಕೂಡಿದಾಗ ಅವು ಸೋತುವು. 2003ರ ಛಾಯಾಚಿತ್ರಗಳಲ್ಲಿಯೇ ಆ ಫಲಕಗಳು ಬಾಗಿದ್ದುದು ಕಾಣುತ್ತದೆ! ಚಿತ್ರವನ್ನು ತೆಗೆದವರು ಫಲಕವನ್ನು ನೋಡಬೇಕೆಂದು ಹೊರಟವರಲ್ಲ. ಶಾಸನವನ್ನು ಓದುವ ವಿದ್ವಾಂಸನಿಗೂ ಈ ಅನುಭವ ಅಪರಿಚಿತವಲ್ಲ: ಹುಡುಕುವ ಅಕ್ಷರ ಮಾತ್ರ ಅವನ ಕಣ್ಣಿಗೆ ಬೀಳುತ್ತದೆ.

ಪಿಟ್ಸ್‌ಬರ್ಗ್ ನಗರದ ಫರ್ನ್ ಹಾಲೋ ಸೇತುವೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಸ್ಥಿತಿಯನ್ನು ಕಾಣುತ್ತೇವೆ. ಹವೆಗೆ ಒಡ್ಡಿದಾಗ ಮೈಮೇಲೆ ರಕ್ಷಣೆಯ ಪೊರೆಯನ್ನು ಕಟ್ಟಿಕೊಳ್ಳುವ, ಬಣ್ಣ ಬೇಡದ ಉಕ್ಕು ಅದರದು. ಆದರೆ ಆ ಪೊರೆ ಕಟ್ಟಬೇಕಾದರೆ ಉಕ್ಕು ಆಗಾಗ ಒಣಗಬೇಕು. ಚರಂಡಿಗಳು ಕಟ್ಟಿಕೊಂಡು, ನೀರೂ ಕಸವೂ ಕಾಲುಗಳ ಬುಡದಲ್ಲಿ ನಿಂತು ಉಕ್ಕು ತೂತು ಬೀಳುವಷ್ಟು ಸವೆಯಿತು. ಪರೀಕ್ಷಕರು ಇದನ್ನು ಕಂಡರು, ಬರೆದರು, ದುರಸ್ತಿಮಾಡಬೇಕೆಂದು ಸೂಚಿಸಿದರು; ಮತ್ತೆ ಮತ್ತೆ ಅದನ್ನೇ ಬರೆದರು. 2022ರ ಜನವರಿ 28ರ ಬೆಳಗ್ಗೆ ಸೇತುವೆ ಕಣಿವೆಗೆ ಕುಸಿಯಿತು. ದೈವವಶಾತ್ ಯಾರೂ ಸಾಯಲಿಲ್ಲ. ವರದಿಗಳಲ್ಲಿದ್ದ ಸೂಚನೆಗಳನ್ನು ನಗರಾಡಳಿತವು ಕಾರ್ಯರೂಪಕ್ಕೆ ತರದಿದ್ದುದೇ ಕಾರಣವೆಂದು ಸುರಕ್ಷತಾ ಮಂಡಲಿಯು ನಿರ್ಣಯಿಸಿ, ಇದೇ ಬಗೆಯ ಉಕ್ಕಿನಿಂದ ಕಟ್ಟಿದ ಇತರ ಸೇತುವೆಗಳನ್ನು ಗುರುತಿಸಿ, ಅವುಗಳಲ್ಲಿ ಉಳಿದುಹೋದ ದುರಸ್ತಿಗಳ ಕಡೆಗೆ ಗಮನಕೊಡಬೇಕೆಂದು ಸಲಹೆಯಿತ್ತಿತು.