ಒಂದು ಮನೆ, ಹಲವು ದೀಪ

‘ದೀಪ ಹಚ್ಚುವ ಹೊತ್ತು’ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಹಚ್ಚುವ ಕೆಲಸ ಮಾತ್ರ ದೇವರ ಗೂಡಿಗಷ್ಟೇ ಸೀಮಿತವಾಗಿದೆ. ಉಳಿದ ಕಡೆ ಸ್ವಿಚ್ಚು ಒತ್ತಿದರೆ ಸಾಕು. ಹೊಸ ಮನೆ ಕಟ್ಟಿಸುವವರು ಈಗ ಸೂರಿನ ಅಂಚಿನಲ್ಲಿ ಅಡಗಿದ ದೀಪ, ಗೋಡೆಯ ದೀಪ, ಊಟದ ಮೇಜಿನ ಮೇಲೆ ತೂಗುವ ದೀಪ, ಓದುವ ಕುರ್ಚಿಯ ಬದಿಗೆ ನಿಲುವು ದೀಪ ಎಂದು ಬಗೆಬಗೆಯ ಬೆಳಕನ್ನು ಒಂದೇ ಕೋಣೆಯಲ್ಲಿ ಕೂಡಿಸುತ್ತಾರೆ. ನೋಡಿದವರು ಇದನ್ನು ಪಟ್ಟಣದ ಹೊಸ ಷೋಕಿ ಎನ್ನುವುದುಂಟು. ಆದರೆ ಮನೆಯ ಬೆಳಕಿನ ಇತಿಹಾಸವನ್ನು ಸ್ವಲ್ಪ ಕೆದಕಿದರೆ ಬೇರೆಯೇ ಸಂಗತಿ ತಿಳಿಯುತ್ತದೆ. ಒಂದು ಮನೆಯಲ್ಲಿ ಹಲವು ದೀಪ ಇರುವುದೇ ಹಳೆಯ ಪದ್ಧತಿ. ಕೋಣೆಗೊಂದೇ ದೀಪ ಎಂಬುದು ನಡುವೆ ಬಂದದ್ದು. ಅದು ಬಂದು ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚಾಯಿತು ಅಷ್ಟೆ.

ಎಣ್ಣೆಯ ಕಾಲ

ನಮ್ಮ ನಾಡಿನ ಶಿಲಾಶಾಸನಗಳನ್ನು ಓದಿದವರಿಗೆ ‘ನಂದಾದೀವಿಗೆ’ ಎಂಬ ಪದ ಹೊಸದಲ್ಲ. ದೇವಾಲಯದಲ್ಲಿ ಆರದೆ ಉರಿಯಬೇಕಾದ ದೀಪಕ್ಕೆ ಎಣ್ಣೆ, ಗಾಣ, ಹೊಲ ಇವುಗಳನ್ನು ದತ್ತಿ ಬಿಟ್ಟ ಶಾಸನಗಳು ಕರ್ನಾಟಕದ ಉದ್ದಗಲಕ್ಕೂ ಇವೆ. ಎಣ್ಣೆ ತೆಗೆಯುವ ತೆಲ್ಲಿಗರ ಸಂಘಗಳೂ ಇಂಥ ದಾನಗಳನ್ನು ಕೊಟ್ಟಿವೆ. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಬೆಳಕು ದುಬಾರಿಯ ವಸ್ತುವಾಗಿತ್ತು. ದೇವರಿಗೇ ದತ್ತಿಯ ಎಣ್ಣೆ ಬೇಕಾಗಿದ್ದರೆ ಬಡವರ ಮನೆಯ ಪಾಡೇನು?

ಮನೆಗಳಲ್ಲಿ ಉರಿಯುತ್ತಿದ್ದದ್ದು ಹೊಂಗೆ, ಹರಳು, ಹಿಪ್ಪೆ ಮುಂತಾದ ಎಣ್ಣೆಗಳು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಣಗಳನ್ನೂ ಎಣ್ಣೆ ತೆಗೆಯುವ ರೀತಿಯನ್ನೂ ವಿವರವಾಗಿ ಬರೆದಿದ್ದಾನೆ. ಒಂದು ಬತ್ತಿಯ ಹಣತೆ ಕೊಡುವ ಬೆಳಕು ಅತಿ ಕಡಿಮೆ. ಅದರಿಂದ ಇಡೀ ಕೋಣೆಯನ್ನು ಬೆಳಗುವ ಆಸೆ ಯಾರಿಗೂ ಇರಲಿಲ್ಲ. ಕೆಲಸ ಎಲ್ಲಿದೆಯೋ ಅಲ್ಲಿಗೇ ದೀಪ ಹೋಗುತ್ತಿತ್ತು. ಆದ್ದರಿಂದಲೇ ಹಳೆಯ ಮನೆಗಳಲ್ಲಿ ದೀಪದ ಜಾಗಗಳು ಅಷ್ಟೊಂದು. ಹೊರಬಾಗಿಲ ಇಕ್ಕೆಲದಲ್ಲಿ ದೀಪದ ಗೂಡು, ದೇವರ ಮನೆಯಲ್ಲಿ ಕಾಲುದೀಪ, ನಡುಮನೆಯ ತೊಲೆಗೆ ಸರಪಳಿಯಲ್ಲಿ ತೂಗುದೀಪ, ಒಲೆಯ ಬದಿಗೆ ಒಂದು ಸಣ್ಣ ಗೂಡು, ಹಿತ್ತಿಲಿಗೆ ಹೋಗುವಾಗ ಕೈಯಲ್ಲಿ ಹಿಡಿಯುವ ದೀಪ. ಹಗಲಿನ ಬೆಳಕಿಗೂ ಹೀಗೆಯೇ ಏರ್ಪಾಡು. ತೊಟ್ಟಿಯಿಂದ ಬರುವುದು ಒಂದು ಬಗೆ, ಮಾಳಿಗೆಯ ಬೆಳಕಿಂಡಿಯಿಂದ ಬೀಳುವುದು ಇನ್ನೊಂದು ಬಗೆ. ನಮ್ಮ ಹಿರಿಯರು ಇದನ್ನು ಅಲಂಕಾರ ಎಂದು ಮಾಡಿದ್ದಲ್ಲ. ಕೊರತೆ ಕಲಿಸಿದ ಜಾಣ್ಮೆ ಇದು.

ಸೀಮೆ ಎಣ್ಣೆ ಬಂತು

1853ರಲ್ಲಿ ಇಗ್ನಾಸಿ ಲುಕಾಸಿಯೆವಿಚ್ ಎಂಬ ಔಷಧ ತಯಾರಕ ಈಗಿನ ಉಕ್ರೇನಿನ ಲ್ವಿವ್ ನಗರದಲ್ಲಿ ಸೀಮೆ ಎಣ್ಣೆಯ ದೀಪವನ್ನು ರೂಪಿಸಿದ. ಕೆಲವೇ ದಶಕಗಳಲ್ಲಿ ಆ ಎಣ್ಣೆ ಡಬ್ಬಗಳಲ್ಲಿ ನಮ್ಮ ಸಂತೆಗಳನ್ನೂ ತಲುಪಿತು. ಅದರೊಡನೆ ಹಳೇ ಮೈಸೂರಿನ ಲಾಟೀನು, ಉತ್ತರ ಕರ್ನಾಟಕದ ಕಂದೀಲು, ಗೋಡೆಗೆ ತೂಗುಹಾಕುವ ಗಾಜಿನ ಬುರುಡೆಯ ದೀಪ, ಎಲ್ಲಕ್ಕಿಂತ ಅಗ್ಗವಾದ ಬುಡ್ಡಿ ದೀಪ ಬಂದವು. ಆಸ್ಟ್ರಿಯದ ಕಾರ್ಲ್ ಆವರ್ 1880ರ ದಶಕದಲ್ಲಿ ಕಂಡುಹಿಡಿದ ಬಲೆಬತ್ತಿಯಿಂದಾಗಿ ಮುಂದೆ ಪೆಟ್ರೋಮ್ಯಾಕ್ಸ್ ಹುಟ್ಟಿತು. ನಾವು ಅದನ್ನು ‘ಗ್ಯಾಸ್ ಲೈಟು’ ಎಂದು ಕರೆದು ಮದುವೆ ಮನೆಗೂ ನಾಟಕದ ರಂಗಕ್ಕೂ ಬಾಡಿಗೆಗೆ ತರುತ್ತಿದ್ದೆವು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ದೀಪಗಳು ಹಲವಾದಾಗ ಅವುಗಳಲ್ಲಿ ಮೇಲುಕೀಳು ಹುಟ್ಟಿತು. ಬೂದಿ ಹಾಕಿ ಉಜ್ಜಿ ಬುರುಡೆ ಬೆಳಗಿದ ಲಾಟೀನು ಪಡಸಾಲೆಗೆ. ಅಲ್ಲಿ ಗಂಡಸರು ಲೆಕ್ಕ ಬರೆಯುತ್ತಿದ್ದರು, ಹುಡುಗರು ಓದುತ್ತಿದ್ದರು, ನೆಂಟರು ಕೂರುತ್ತಿದ್ದರು. ಅಡುಗೆಮನೆಗೆ ಬುರುಡೆಯಿಲ್ಲದೆ ಹೊಗೆಯುಗುಳುವ ಬುಡ್ಡಿ. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚುವುದು, ಕುದಿಯುವ ಪಾತ್ರೆ ಇಳಿಸುವುದು ಇಂಥ ಕಣ್ಣಿನ ಕೆಲಸವೆಲ್ಲ ನಡೆಯುತ್ತಿದ್ದದ್ದು ಮನೆಯ ಅತಿ ಮಂದ ಬೆಳಕಿನಲ್ಲಿ. ಮನೆಯ ದೀಪದ ಚರಿತ್ರೆ ಎಂದರೆ ಒಂದು ರೀತಿಯಲ್ಲಿ ಮನೆಯೊಳಗೆ ಯಾರಿಗೆ ಎಷ್ಟು ಬೆಳಕು ಸಿಕ್ಕಿತು ಎಂಬುದರ ಚರಿತ್ರೆಯೂ ಹೌದು.

ವಿದ್ಯುತ್ತಿನ ಒಂಟಿ ಬಲ್ಬು

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೆಲಸ ಆರಂಭಿಸಿತು. ಮೊದಲ ವಿದ್ಯುತ್ತು ಹೋದದ್ದು ಮನೆಗಳಿಗಲ್ಲ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರ ಆಗಸ್ಟಿನಲ್ಲಿ ಬೆಂಗಳೂರು ನಗರಕ್ಕೂ 1908ರಲ್ಲಿ ಮೈಸೂರಿಗೂ ವಿದ್ಯುದ್ದೀಪ ಬಂತು. 1936ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಹುಟ್ಟಿ ನಾಡಿನ ಬಲ್ಬುಗಳನ್ನು ನಾವೇ ತಯಾರಿಸುವಂತಾಯಿತು. ಆ ಕಾರ್ಖಾನೆ ಈ ಶತಮಾನದ ಮೊದಲ ವರ್ಷಗಳಲ್ಲಿ ಮುಚ್ಚಿತು. ಅದರ ಬಲ್ಬಿನ ಕೆಳಗೆ ಓದಿದವರು ಮಾತ್ರ ನಮ್ಮ ನಡುವೆ ಇನ್ನೂ ಬಹಳ ಮಂದಿ ಇದ್ದಾರೆ.

ವಿದ್ಯುತ್ತು ಮನೆಯೊಳಗೆ ಬಂದಾಗ ದೀಪದ ಜಾಗ ಬದಲಾಯಿತು. ತಂತಿ ಎಳೆಯುವುದಕ್ಕೆ ಖರ್ಚು. ಪ್ರತಿ ‘ಪಾಯಿಂಟಿ’ಗೂ ಹಣ ತೆರಬೇಕು. ಹಾಗಾಗಿ ಕೋಣೆಗೊಂದು ಬಲ್ಬು, ಅದೂ ಸೂರಿನ ನಡುವೆ. ಇನ್ನೂ ಉಳಿತಾಯ ಬೇಕಾದವರು ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಕಿಂಡಿ ಕೊರೆದು ಅದರಲ್ಲಿ ಒಂದೇ ಬಲ್ಬು ಇಟ್ಟು ಎರಡೂ ಕಡೆ ಬೆಳಕು ಮಾಡಿಕೊಂಡರು. ಮಲಗುವ ಕೋಣೆಗೆ ‘ಝೀರೋ ಬಲ್ಬು’. ಹೆಸರು ಸೊನ್ನೆಯಾದರೂ ಅದು ಸುಮಾರು 15 ವ್ಯಾಟ್ ಉರಿಯುತ್ತಿತ್ತು. 1980ರ ದಶಕದಲ್ಲಿ ಭಾಗ್ಯಜ್ಯೋತಿ ಯೋಜನೆ ಬಡವರ ಗುಡಿಸಲುಗಳಿಗೆ ತಂದದ್ದೂ ಒಂದೇ ದೀಪ. ಕತ್ತಲೆಯಿಂದ ಹೊರಬಂದವರಿಗೆ ಆ ಒಂದು ದೀಪವೇ ದೊಡ್ಡ ಸಂಗತಿ ಎಂಬುದನ್ನು ಮರೆಯಬಾರದು.

ಅರವತ್ತರ ದಶಕದ ಕೊನೆಯಲ್ಲಿ ತಿಪಟೂರು ಕಡೆಯ ನಮ್ಮ ಹಳ್ಳಿಗೆ ಕರೆಂಟು ಬಂದದ್ದು ನನಗೆ ನೆನಪಿದೆ. ಮೊದಲ ಬಲ್ಬು ಪಡಸಾಲೆಗೆ. ಅಡುಗೆಮನೆಗೆ ಬಲ್ಬು ಬರುವುದಕ್ಕೆ ಮತ್ತೆ ಮೂರು ವರ್ಷ ಹಿಡಿಯಿತು. ಬಂದ ಮೇಲೂ ನಮ್ಮಜ್ಜಿ ಒಲೆಯ ಬದಿಗೆ ಬುಡ್ಡಿ ಹಚ್ಚಿಡುವುದನ್ನು ಬಿಡಲಿಲ್ಲ. ಮನೆಯವರೆಲ್ಲ ನಕ್ಕರು. “ಕರೆಂಟೈತಲ್ಲ ಅಜ್ಜಿ, ಬುಡ್ಡಿ ಯಾಕೆ?” ಎಂದು ನಾನೂ ಕೇಳಿದೆ. “ಆ ಬಲ್ಬು ನನ್ನ ಬೆನ್ನು ನೋಡ್ತೈತೆ ಮಗ, ಬುಡ್ಡಿ ಪಾತ್ರೆಯೊಳಗೆ ನೋಡ್ತೈತೆ” ಎಂದಳು. ಹಳೆಯ ಕಾಲದವಳು, ಹೊಸದಕ್ಕೆ ಒಗ್ಗುತ್ತಿಲ್ಲ ಎಂದು ನಾವು ತೀರ್ಮಾನಿಸಿದೆವು.

ಅಜ್ಜಿಯ ಲೆಕ್ಕ

ಬಹಳ ವರ್ಷಗಳ ಮೇಲೆ ಲೆಕ್ಕ ಹಾಕಿ ನೋಡಿದಾಗ ತಪ್ಪು ನಮ್ಮದೇ ಎಂದು ತಿಳಿಯಿತು. ಒಂದು ಮೇಣದ ಬತ್ತಿಯಷ್ಟು ಬೆಳಕಿನ ದೀಪ ಒಂದು ಮೀಟರು ದೂರದಲ್ಲಿ ಕೊಡುವ ಬೆಳಕಿಗೆ ಸರಿಸುಮಾರು ಒಂದು ಲಕ್ಸ್ ಎನ್ನುತ್ತಾರೆ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ, ಕಾಲು ಭಾಗವಾದರೆ ಹದಿನಾರು ಪಟ್ಟು. ಅಂದರೆ ಪಾತ್ರೆಯಿಂದ ಒಂದು ಗೇಣು ದೂರದಲ್ಲಿಟ್ಟ ಬುಡ್ಡಿ ಸುಮಾರು 16 ಲಕ್ಸ್ ಬೆಳಕು ಕೊಡುತ್ತದೆ. ಸೂರಿನಲ್ಲಿ, ಎರಡು ಮೀಟರು ದೂರದಲ್ಲಿ ಉರಿಯುವ 40 ವ್ಯಾಟಿನ ಹಳೆಯ ಬಲ್ಬಿನಿಂದ ಅದೇ ಪಾತ್ರೆಗೆ ನೇರವಾಗಿ ಬೀಳುವುದು ಸುಮಾರು 8 ಲಕ್ಸ್. ಹೊಗೆ ಹಿಡಿದ ಕಪ್ಪು ಗೋಡೆಗಳು ಬೆಳಕನ್ನು ಹಿಂದಕ್ಕೆ ಕೊಡುವುದೂ ಇಲ್ಲ. ಸಾಲದ್ದಕ್ಕೆ ಒಲೆ ಗೋಡೆಯ ಬದಿಗೆ, ಬಲ್ಬು ಕೋಣೆಯ ನಡುವೆ. ಅಡುಗೆ ಮಾಡುವವಳ ನೆರಳೇ ಪಾತ್ರೆಯ ಮೇಲೆ ಬೀಳುತ್ತಿತ್ತು. ನಮ್ಮಜ್ಜಿ ಶಾಲೆಗೆ ಹೋದವಳಲ್ಲ. ಆದರೆ ಬೆಳಕಿನ ನಿಯಮವನ್ನು ಅವಳ ಕಣ್ಣು ಬಲ್ಲುದಾಗಿತ್ತು. ಎರಡು ಬೆಳಕೂ ಬೇಕು ಎಂಬುದೇ ಅವಳ ವಾದ.

ಟ್ಯೂಬ್‌ಲೈಟು ಬಂದ ಮೇಲೆ

ಪಾದರಸದ ಆವಿಯಿಂದ ಬೆಳಗುವ ಟ್ಯೂಬ್‌ಲೈಟು 1938ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ನಮ್ಮಲ್ಲಿ ಅದು ಅನುಕೂಲಸ್ಥರ ಮನೆಯ ಗುರುತಾಯಿತು. 40 ವ್ಯಾಟಿನ ಟ್ಯೂಬ್‌ಲೈಟು ಅಷ್ಟೇ ವ್ಯಾಟಿನ ಬಲ್ಬಿಗಿಂತ ಐದಾರು ಪಟ್ಟು ಬೆಳಕು ಕೊಡುತ್ತಿತ್ತು. ಮಕ್ಕಳ ಓದಿಗೆ ಅದರಿಂದ ಉಪಕಾರವಾದದ್ದು ನಿಜ. ಆದರೆ ಆ ಬಿಳಿ ಬೆಳಕು ಕೋಣೆಯ ಮೂಲೆ ಮೂಲೆಯನ್ನೂ ಒಂದೇ ಸಮನಾಗಿ ಬೆಳಗಿಸಿತು. ಊಟ, ಓದು, ಹರಟೆ, ಜೋಗುಳ ಎಲ್ಲಕ್ಕೂ ಒಂದೇ ಬೆಳಕಾಯಿತು. ದೀಪದ ಗೂಡುಗಳಲ್ಲಿ ಬೀಗದಕೈ, ಬಾಚಣಿಗೆ ಬಂದು ಕುಳಿತವು.

ಇದೇ ಕಾಲಕ್ಕೆ ಅಮೆರಿಕದಲ್ಲಿ ರಿಚರ್ಡ್ ಕೆಲಿ ಎಂಬ ಬೆಳಕಿನ ವಿನ್ಯಾಸಕಾರ ಬೇರೆ ದಿಕ್ಕಿನಲ್ಲಿ ಯೋಚಿಸುತ್ತಿದ್ದ. ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ 1949ರಲ್ಲಿ ತನಗಾಗಿ ಗಾಜಿನ ಮನೆಯೊಂದನ್ನು ಕಟ್ಟಿಕೊಂಡಿದ್ದ. ರಾತ್ರಿ ಒಳಗೆ ದೀಪ ಹಾಕಿದರೆ ಗಾಜಿನ ಗೋಡೆಗಳು ಕನ್ನಡಿಗಳಾಗಿ ಹೊರಗಿನ ಮರಗಳು ಕಾಣದಾಗುತ್ತಿದ್ದವು. ಕೆಲಿ ಒಳಗಿನ ಬೆಳಕನ್ನು ತಗ್ಗಿಸಿ ಹೊರಗಿನ ಮರಗಳಿಗೆ ಬೆಳಕು ಬಿಟ್ಟ. ಗಾಜು ಮತ್ತೆ ಪಾರದರ್ಶಕವಾಯಿತು. 1952ರಲ್ಲಿ ಆತ ಬೆಳಕನ್ನು ಮೂರು ಬಗೆಯಾಗಿ ವಿಂಗಡಿಸಿದ. ಒಂದು, ಸುತ್ತಲೂ ಹರಡಿ ಕೋಣೆಯನ್ನು ತೋರಿಸುವ ಹಿನ್ನೆಲೆಯ ಬೆಳಕು. ಎರಡು, ಕೆಲಸದ ಮೇಲೆ ಬಿದ್ದು ಕಣ್ಣನ್ನು ಅಲ್ಲಿಗೆ ಸೆಳೆಯುವ ಬೆಳಕು. ಮೂರು, ಮಿನುಗಿ ಮನಸ್ಸನ್ನು ಅರಳಿಸುವ ಬೆಳಕು. ಮೂರೂ ಹದವಾಗಿ ಬೆರೆತರೆ ಮನೆ ಚೆನ್ನ ಎಂಬುದು ಆತನ ಸಿದ್ಧಾಂತ. ಇಂದಿನ ಗೃಹಾಲಂಕಾರದ ಪುಸ್ತಕಗಳು ಹೇಳುವ ಬೆಳಕಿನ ಪದರಗಳಿಗೆ ಬುನಾದಿ ಇದೇ.

ನಮ್ಮ ತೊಟ್ಟಿ ಮನೆಯನ್ನು ಈ ಕಣ್ಣಿನಿಂದ ನೋಡಿ. ನಡುಮನೆಯ ತೂಗುದೀಪ ಮೊದಲನೆಯ ಬಗೆ. ಒಲೆಯ ಬದಿಯ ಬುಡ್ಡಿ ಎರಡನೆಯದು. ಹೊಸ್ತಿಲ ಬದಿಯ ಗೂಡಿನ ಹಣತೆ, ದೇವರ ಮುಂದಿನ ಹಿತ್ತಾಳೆ ದೀಪ ಮೂರನೆಯದು. ಮೂರನೆಯ ಬಗೆಯ ಬೆಳಕನ್ನು ದೊಡ್ಡ ಪ್ರಮಾಣದಲ್ಲಿ ಕಾಣಬೇಕಾದರೆ ದಸರೆಯಲ್ಲಿ ಮೈಸೂರು ಅರಮನೆಯ ಮುಂದೆ ನಿಲ್ಲಬೇಕು. ಅಲ್ಲಿನ ಸುಮಾರು ಒಂದು ಲಕ್ಷ ಬಲ್ಬುಗಳ ಬೆಳಕಿನಲ್ಲಿ ಪುಸ್ತಕ ಓದಬೇಕೆಂದು ಯಾರೂ ಹೋಗುವುದಿಲ್ಲ.

ಇಂದು ಕೈಗೆ ಎಟುಕಿದ ಬೆಳಕು

ಕಡಿಮೆ ಖರ್ಚಿನಲ್ಲಿ ಬೆಳಕನ್ನು ಮತ್ತೆ ಹಲವಾಗಿಸಿದ್ದು ಎಲ್‌ಇಡಿ. ನೀಲಿ ಎಲ್‌ಇಡಿಯನ್ನು ಸಾಧಿಸಿ ಬಿಳಿ ಬೆಳಕಿಗೆ ದಾರಿ ಮಾಡಿದ ಅಕಾಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಮರುವರ್ಷವೇ ನಮ್ಮ ರಾಜ್ಯದಲ್ಲಿ ‘ಹೊಸಬೆಳಕು’ ಯೋಜನೆಯಡಿ 9 ವ್ಯಾಟಿನ ಬಲ್ಬುಗಳನ್ನು ಕಡಿಮೆ ಬೆಲೆಗೆ ಹಂಚುವುದು ಆರಂಭವಾಯಿತು. ಈಗ ಪಡಸಾಲೆಗೆ 9 ವ್ಯಾಟ್, ಅಡುಗೆಮನೆಯ ಸೂರಿಗೆ 9, ಒಲೆಕಟ್ಟೆಯ ಮೇಲೆ 5, ಓದುವ ಮೇಜಿಗೆ 7 ಎಂದರೂ ಒಟ್ಟು 30 ವ್ಯಾಟ್. ಹಿಂದಿನ 40 ವ್ಯಾಟಿನ ಒಂಟಿ ಬಲ್ಬಿಗಿಂತ ಕಡಿಮೆ! ಹಲವು ದೀಪ ಸಿರಿವಂತರ ಸೊತ್ತು ಎನ್ನುವ ಕಾಲ ಹೋಯಿತು.

ಆದ್ದರಿಂದ ಮನೆಗೆ ದೀಪ ಕೂಡಿಸುವವರು ಕೆಲವು ಮಾತುಗಳನ್ನು ನೆನಪಿಡುವುದು ಒಳ್ಳೆಯದು. ಮೊದಲು ಅಡುಗೆಯ ಕಟ್ಟೆಯ ಮೇಲಿನ ಗೂಡಿನ ಕೆಳಗೆ, ಮುಂಭಾಗದ ಅಂಚಿನಲ್ಲಿ ಒಂದು ದೀಪ ಹಾಕಿಸಿ. ನೆರಳು ಕೈಯ ಮೇಲೆ ಬೀಳುವುದಿಲ್ಲ. ಬಲಗೈಯಲ್ಲಿ ಬರೆಯುವವರಿಗೆ ದೀಪ ಎಡಗಡೆ ಇರಲಿ. ಆದರೆ ಓದುವ ದೀಪ ಒಂದನ್ನೇ ಹಾಕಿ ಸುತ್ತಲೂ ಕತ್ತಲೆ ಮಾಡಿಕೊಳ್ಳಬೇಡಿ. ಬೆಳಕಿನ ಪುಟದಿಂದ ಕತ್ತಲೆಗೂ ಕತ್ತಲೆಯಿಂದ ಪುಟಕ್ಕೂ ಹೊರಳುತ್ತ ಕಣ್ಣು ದಣಿಯುತ್ತದೆ. ದೀಪದ ಪೊಟ್ಟಣದ ಮೇಲೆ ಕೆಲ್ವಿನ್ ಅಂಕಿ ಇರುತ್ತದೆ. 2700 ಎಂದರೆ ಹಳೆಯ ಬಲ್ಬಿನ ಹೊಂಬಣ್ಣ, 6500 ಎಂದರೆ ಟ್ಯೂಬ್‌ಲೈಟಿನ ಬಿಳಿ. ಒಂದೇ ಕೋಣೆಯಲ್ಲಿ ಎರಡನ್ನೂ ಒಟ್ಟಿಗೆ ಉರಿಸಿದರೆ ಒಂದು ಕೊಳಕಾಗಿ, ಇನ್ನೊಂದು ನೀಲಿಯಾಗಿ ಕಾಣುತ್ತದೆ. ಬಗೆ ಹಲವಿರಲಿ, ಬಣ್ಣ ಒಂದಿರಲಿ. ಪ್ರತಿ ದೀಪಕ್ಕೂ ಬೇರೆ ಸ್ವಿಚ್ಚು ಇರಲಿ. ಎಲ್ಲವೂ ಒಮ್ಮೆಲೇ ಉರಿದರೆ ಮತ್ತೆ ಟ್ಯೂಬ್‌ಲೈಟಿನ ಕಾಲಕ್ಕೇ ಹೋದಂತೆ. ವಯಸ್ಸಾದವರಿರುವ ಮನೆಯಲ್ಲಿ ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ, ನೆಲದ ಹತ್ತಿರ ಒಂದು ಸಣ್ಣ ದೀಪ ಅಗತ್ಯ. ವಯಸ್ಸಾದಂತೆ ಕಣ್ಣಿಗೆ ಹೆಚ್ಚು ಬೆಳಕು ಬೇಕು; ಅವರ ಕೋಣೆಗೇ ಮಂಕು ಬಲ್ಬು ಹಾಕುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಬೈಠಕ್‌ಖಾನೆಯ ಗೋಡೆಗೆ ಬಣ್ಣದ ದೀಪ ಆರಿಸುವ ಮುನ್ನ ಒಂದು ಸಂಜೆ ಸುಮ್ಮನೆ ಮನೆಯೆಲ್ಲ ಸುತ್ತಿ ನೋಡಿ. ಯಾರು ಎಲ್ಲಿ ನಿಂತು ಕೆಲಸ ಮಾಡುತ್ತಾರೆ, ಯಾರ ನೆರಳು ಎಲ್ಲಿ ಬೀಳುತ್ತದೆ, ಯಾರು ಕಣ್ಣು ಕಿರಿದು ಮಾಡಿ ನೋಡುತ್ತಾರೆ ಎಂಬುದನ್ನು ಗಮನಿಸಿ. ಮೊದಲ ದೀಪ ಅಲ್ಲಿಗೆ ಹೋಗಲಿ. ನಮ್ಮ ಹಳ್ಳಿಯ ಆ ಮನೆಯಲ್ಲಿ ಒಲೆಯ ಬದಿಯ ಗೂಡು ಈಗಲೂ ಇದೆ, ಮಸಿ ಇನ್ನೂ ಹೋಗಿಲ್ಲ. ಹೋದ ವರ್ಷ ಅದರೊಳಗೆ ಒಂದು ಪುಟ್ಟ ಎಲ್‌ಇಡಿ ಹಾಕಿಸಿದೆವು. ಅದು ನೇರವಾಗಿ ಪಾತ್ರೆಯೊಳಗೆ ನೋಡುತ್ತದೆ.