ಊರ ನಡುವಣ ಅಂಗಳ

ಜಯನಗರದಿಂದಲೋ ಬನಶಂಕರಿಯಿಂದಲೋ ಬಸ್ಸು ಹಿಡಿದು, ಕಬ್ಬನ್ ಉದ್ಯಾನದ ಮಗ್ಗುಲಲ್ಲಿಳಿದು ಕ್ರಿಕೆಟ್ ನೋಡಿಬಂದವರಿಗೆ ಚಿನ್ನಸ್ವಾಮಿ ಕ್ರೀಡಾಂಗಣವು ಎಂದಿನಿಂದಲೂ ಅಲ್ಲಿಯೇ ಇದ್ದಂತೆ ತೋರುತ್ತದೆ. ಆದರೆ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯು 1933ರಲ್ಲಿ ಹುಟ್ಟಿದ್ದರೂ ಅದಕ್ಕೆ ಬಹುಕಾಲ ಸ್ವಂತ ಅಂಗಳವೆಂಬುದಿರಲಿಲ್ಲ. ದೊಡ್ಡ ಪಂದ್ಯಗಳಿಗೆ ಸೆಂಟ್ರಲ್ ಕಾಲೇಜಿನ ಮೈದಾನವೇ ಗತಿಯಾಗಿತ್ತು.

ಸರ್ಕಾರದಿಂದ ಸುಮಾರು 17 ಎಕರೆ ನೆಲ ಗುತ್ತಿಗೆಗೆ ದೊರೆತು, 1969ರ ಮೇ ತಿಂಗಳಲ್ಲಿ ಅಡಿಗಲ್ಲು ಬಿದ್ದಿತು. ಮರುವರ್ಷ ಕೆಲಸ ಮೊದಲಾಯಿತು. ನೆಲ ಸಾರ್ವಜನಿಕರದು, ಮೇಲಿನ ಕಟ್ಟಡ ಸಂಸ್ಥೆಯದು. ಈ ಕ್ರೀಡಾಂಗಣದ ರಾಜಕೀಯವೆಲ್ಲ ಈ ಒಂದು ಏರ್ಪಾಟಿನಲ್ಲಿಯೇ ಅಡಗಿದೆಯೆಂದು ನನಗೆ ತೋರುತ್ತದೆ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾದಾಗ ಸಂಸ್ಥೆಯ ಹೆಸರೂ ಬದಲಾಯಿತು. ಸಂಸ್ಥೆಗಾಗಿ ದಶಕಗಳ ಕಾಲ ದುಡಿದ ಮಂಡ್ಯದ ವಕೀಲ ಎಂ. ಚಿನ್ನಸ್ವಾಮಿಯವರ ಹೆಸರು ಕ್ರೀಡಾಂಗಣಕ್ಕೆ ಬಂದದ್ದು ಅನಂತರ.

1974ರ ಮಾರ್ಚಿಯಲ್ಲಿ ಇಲ್ಲಿಯೇ, ಸತತವಾಗಿ ಹದಿನೈದು ವರ್ಷ ರಣಜಿ ಟ್ರೋಫಿಯನ್ನು ಗೆದ್ದಿದ್ದ ಬೊಂಬಾಯಿಯ ಓಟ ನಿಂತಿತು. ವಿಶ್ವನಾಥರು 162, ಬ್ರಿಜೇಶ್ ಪಟೇಲರು 106 ಹೊಡೆದರು. ಪ್ರಸನ್ನರ ಚೆಂಡಿಗೆ ಗಾವಸ್ಕರರ ವಿಕೆಟ್ ಉರುಳಿತು. ಆಗ ಮನೆಯ ಬಾನುಲಿಗೆ ಕಿವಿಗೊಟ್ಟು ಕುಳಿತವರು ಇಂದೂ ಅದನ್ನು ನೆನೆಯುತ್ತಾರೆ. ಅದೇ ನವೆಂಬರಿನಲ್ಲಿ ವೆಸ್ಟ್ ಇಂಡೀಸಿನೊಡನೆ ಮೊದಲ ಟೆಸ್ಟ್ ನಡೆಯಿತು. ಗ್ರೀನಿಜ್, ರಿಚರ್ಡ್ಸ್ ಇಬ್ಬರೂ ಟೆಸ್ಟಿಗೆ ಕಾಲಿಟ್ಟದ್ದು ಅಲ್ಲಿ.

ಸುತ್ತಲೂ ರಸ್ತೆಗಳಿದ್ದುದರಿಂದ ಕ್ರೀಡಾಂಗಣ ಹೊರಕ್ಕೆ ಹಿಗ್ಗುವಂತಿರಲಿಲ್ಲ. ಬೆಳೆದುದೆಲ್ಲ ಮೇಲಕ್ಕೆ ಮತ್ತು ಕೆಳಕ್ಕೆ: 1996ರ ವಿಶ್ವಕಪ್ಪಿಗೆ ದೀಪಸ್ತಂಭಗಳು ಬಂದವು, 2015ರಲ್ಲಿ ಮಾಡಿನ ಮೇಲೆ ಸೌರಫಲಕಗಳು, 2017ರಲ್ಲಿ ಮಳೆನೀರನ್ನು ಹುಲ್ಲಿನಡಿಯಿಂದ ಹೀರಿ ತೆಗೆಯುವ ಯಂತ್ರ. ದ್ವಾರಗಳು ಮಾತ್ರ ಕಾಲುದಾರಿಗೇ ತೆರೆದುಕೊಂಡು ಉಳಿದವು. ಜನ ತುಸು ನಿಂತು ಸರಿದುಹೋಗಲು ಒಂದು ಹೊರಾವರಣವಿಲ್ಲ.

2025ರ ಜೂನ್ 4ರಂದು ಬೆಂಗಳೂರು ತಂಡದ ಗೆಲುವಿನ ಸಂಭ್ರಮಕ್ಕೆ ಬಂದವರಲ್ಲಿ ಹನ್ನೊಂದು ಮಂದಿ ಆ ದ್ವಾರಗಳೆದುರಿನ ನೂಕುನುಗ್ಗಲಿನಲ್ಲಿ ಮಡಿದರು. ಅವರು ಹೋದದ್ದು ಆಟವನ್ನು ನೋಡಲೂ ಅಲ್ಲ, ಆಟಗಾರರನ್ನು ಕಂಡುಬರಲು. ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗವು, ಭಾರಿ ಜನಸಂದಣಿಗೆ ಈ ಕಟ್ಟಡದ ವಿನ್ಯಾಸವೇ ತಕ್ಕುದಲ್ಲವೆಂದಿತು. ಇಲ್ಲಿ ನಡೆಯಬೇಕಾಗಿದ್ದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೇರೆಡೆಗೆ ಹೋದವು.

ಅದೇ ವರ್ಷ ಸರ್ಕಾರವು ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾಂಗಣದ ಯೋಜನೆಯನ್ನು ಪ್ರಕಟಿಸಿತು. ಅದು ಎದ್ದು ನಿಂತರೆ, ಜಯನಗರದವರು ಆಟ ನೋಡಲು ಕಬ್ಬನ್ ಉದ್ಯಾನದ ಕಡೆಗಲ್ಲ, ಹೊಸೂರು ರಸ್ತೆ ಹಿಡಿದು ಹೊರಡಬೇಕಾದೀತು.